ಎಡಗೈಯ ಬಿಸಿ

ಮೊನ್ನೆ ಕುಂದಗೋಳದಿಂದ ಸಂಶಿಗೆ ಬರುವ ಬಸ್ಸಿನಲ್ಲಿ, ಪಕ್ಕದಲ್ಲಿ ಕುಳಿತ ಹೆಣ್ಣುಮಗಳೊಬ್ಬಳು ನನ್ನ ಎಡಗೈಯನ್ನೇ ನೋಡುತ್ತಿದ್ದಳು. ಅದು ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಬಹಳ ಹೊತ್ತು ತಡೆದುಕೊಂಡು ಕಡೆಗೆ ಕೇಳಿಯೇಬಿಟ್ಟಳು.

“ಯಜ್ಜಾರ, ಕೈಗೇನರ ಆಗೇತೇನ್ರಿ? ಹೆಬ್ಬಟ್ಟ ಒಂದ ಸವನ ಕುಣ್ಯಾಕ ಹತ್ತೇತಲ್ಲ?”

ನಾನೂ ನೋಡಿದೆ. ಹೌದು, ಹೆಬ್ಬೆರಳು ತನ್ನಷ್ಟಕ್ಕೆ ತಾನು ಮೇಲೆ ಹೋಗುತ್ತಿತ್ತು, ಸ್ವಲ್ಪ ಬಲಕ್ಕೆ ಹೊರಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಮೇಲೆ. ನಾನು ಮುಷ್ಟಿ ಹಿಡಿದು, “ವಯಸ್ಸಾತಲ್ಲ ತಂಗಿ” ಅಂದೆ. ಆಕೆ ಅಯ್ಯೋ ಪಾಪ ಎಂದು ಕಿಟಕಿಯ ಬದಿಯ ಸೀಟು ಬಿಟ್ಟುಕೊಟ್ಟಳು. ನಾನು ಹೋಗಿ ಕುಳಿತೆ. ಗಾಳಿ ಚೆನ್ನಾಗಿ ಬರುತ್ತಿತ್ತು.

ನಿಮ್ಮ ಮುಂದೆ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದು ವಯಸ್ಸಲ್ಲ. ಆ ಬೆರಳು ನಡೆಯುತ್ತಿತ್ತು. ಮೊಬೈಲಿನಲ್ಲಿ ಆಡುವ ಒಂದು ಆಟವಿದೆ. ವಿಮಾನವೊಂದು ನೂರಾರು ಜನರನ್ನು ಬರಿಗೈಯಲ್ಲಿ ಒಂದು ನಡುಗಡ್ಡೆಯ ಮೇಲೆ ಉದುರಿಸಿ ಹೋಗುತ್ತದೆ. ಅಲ್ಲಿಳಿದು ಬಂದೂಕು ಹುಡುಕಿಕೊಂಡು ಒಬ್ಬರನ್ನೊಬ್ಬರು ಹೊಡೆಯಬೇಕು. ಕಡೆಗೆ ಉಳಿದವನು ಗೆದ್ದ. ಬಲಗೈ ಹೆಬ್ಬೆರಳಿನಿಂದ ಗುಂಡು, ಎಡಗೈ ಹೆಬ್ಬೆರಳಿನಿಂದ ನಡಿಗೆ. ಆಟ ಬಿಟ್ಟು ತಿಂಗಳುಗಳಾದರೂ ನನ್ನ ಎಡಗೈ ಹೆಬ್ಬೆರಳು ಇನ್ನೂ ನಡೆಯುತ್ತಲೇ ಇದೆ. ಮುಖದ ತುಂಬ ವಿಭೂತಿ ಹಚ್ಚಿಕೊಂಡ ಮುದುಕನೊಬ್ಬ ಬಸ್ಸಿನಲ್ಲಿ ಕುಳಿತು, ಇಲ್ಲದ ನಡುಗಡ್ಡೆಯ ಮೇಲೆ ಅಡ್ಡಾಡುತ್ತಿದ್ದಾನೆಂದು ಆ ತಂಗಿಗೆ ಹೇಗೆ ಹೇಳಲಿ?

ನನಗೆ ಈ ಆಟ ಕಲಿಸಿದವಳು ಮೊಮ್ಮಗಳು ಶಿಲ್ಪಾ. ಕರೋನಾ ಕಾಲದಲ್ಲಿ ಸಾಲಿಗಳು ಮುಚ್ಚಿ ಪಾಠಗಳೆಲ್ಲ ಮೊಬೈಲಿಗೆ ಬಂದವಲ್ಲ, ಆಗ. ಮಾಸ್ತರರು ಬರುವ ಮೊದಲು, ಹೋದ ಮೇಲೆ, ಒಮ್ಮೊಮ್ಮೆ ಇದ್ದಾಗಲೂ ಆಕೆ ಆಡುತ್ತಿದ್ದಳು. ಜೊತೆಗೆ ಒಬ್ಬರು ಬೇಕಿತ್ತು. “ಅಜ್ಜಾ, ನೀ ಬರೇ ಅಡಗಿ ಕುಂದರು. ಉಳದದ್ದು ನಾ ನೋಡ್ಕೋತೇನಿ” ಅಂದಳು. ಅಡಗಿ ಕೂರುವುದರಲ್ಲಿ ನನಗೆ ಹುಟ್ಟಿನಿಂದಲೇ ಪರಿಣತಿಯಿದೆ. ಸಣ್ಣವನಿದ್ದಾಗ ಅಪ್ಪ ನನ್ನನ್ನು ಜೋಳದ ಹೊಲದಲ್ಲಿ ಹಕ್ಕಿ ಕಾಯಲು ಮಂಚಿಕೆಯ ಮೇಲೆ ಹತ್ತಿಸಿ, ಕೈಗೆ ಕವಣೆ ಕೊಟ್ಟು ಹೋಗುತ್ತಿದ್ದ. ಹಕ್ಕಿಗಳೆಲ್ಲ ನನ್ನ ಮಂಚಿಕೆಯ ಸುತ್ತಲೇ ಬಂದು ಕೂರುತ್ತಿದ್ದವು. ಕವಣೆಯ ಕಲ್ಲು ಬೀಳದ ಜಾಗ ಅದೊಂದೇ ಎಂದು ಅವುಗಳಿಗೆ ಗೊತ್ತಾಗಿತ್ತು. ಒಮ್ಮೆ ಗಿಳಿಗೆ ಬೀಸಿದ ಕಲ್ಲು ಅತ್ತ ಬದುವಿನ ಮೇಲೆ ಬುತ್ತಿ ಹೊತ್ತು ಬರುತ್ತಿದ್ದ ನಮ್ಮ ಅಕ್ಕನ ತಲೆಯ ಮೇಲಿನ ಮಜ್ಜಿಗೆಯ ಮಗಿಗೆ ಬಿತ್ತು. ಮುಖದ ತುಂಬ ಮಜ್ಜಿಗೆ ಸುರಿಯುತ್ತಿದ್ದರೂ ಆಕೆ ನಿಂತಲ್ಲಿಂದಲೇ ಕೂಗಿದಳು: “ಚಲೋ ಗುರಿ ಐತೋ ತಮ್ಮಾ! ಗಿಳಿ ಎಲ್ಲೈತಿ ಅನ್ನೂದೊಂದ ಗೊತ್ತಾಗಬೇಕು!” ಶಿಲ್ಪಾ ಆಟದಲ್ಲಿ ನನ್ನ ಹೆಸರು ಕೇಳಿದಾಗ ‘ಕವಣಿ’ ಎಂದು ಬರೆಸಿದ್ದು ಅದಕ್ಕೇ.

ಶಿಲ್ಪಾ ಕಾಲೇಜಿಗೆ ಹೋದಳು. ಆಟ ಸಣ್ಣ ಹುಡುಗರದು ಎಂದು ಆಕೆಗೆ ಅನ್ನಿಸತೊಡಗಿತು. ಬಿಟ್ಟಳು. ನಾನು ಉಳಿದೆ.

ಯಾಕೆ ಉಳಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಬದುಕೆಲ್ಲ ಹಿಟ್ಟಿನ ಗಿರಣಿಯಲ್ಲಿ ಕಳೆದವನು. ಈಗ ಮಗ ನಡೆಸುತ್ತಾನೆ. ಗಿರಣಿಯ ಸದ್ದು ಕಿವಿಯೊಳಗೆ ಎಷ್ಟು ಕುಳಿತಿದೆಯೆಂದರೆ ಕರೆಂಟು ಹೋದರೂ ನನಗೆ ಅದು ಕೇಳಿಸುತ್ತದೆ. ಆ ನಡುಗಡ್ಡೆಯಲ್ಲಿ ಒಂದು ಬೋಳು ದಿಬ್ಬವಿತ್ತು. ನಮ್ಮ ಎರೆಹೊಲದ ಹಾಗೆ ಸುತ್ತ ಮರವಿಲ್ಲದ ಬಯಲು, ಒಣಗಿದ ಬೆಳೆಯ ಬಣ್ಣ. ದಿಬ್ಬದ ಮೇಲೆ ಒಂದು ಪಾಳುಬಿದ್ದ ಗಿರಣಿ. ಗಾಳಿಗೆ ತಿರುಗುವಂಥದ್ದು, ನಮ್ಮ ಕಡೆಯದಲ್ಲ. ಆದರೂ ಗಿರಣಿ ಗಿರಣಿಯೇ. ನಾನು ಪ್ರತಿ ಸಲವೂ ಅಲ್ಲಿಯೇ ಇಳಿಯುತ್ತಿದ್ದೆ. ಒಳಗೆ ಬೀಸುಕಲ್ಲಿನ ಪಕ್ಕ ಕುಳಿತರೆ ಗಾಳಿಯ ಸದ್ದು ಬಿಟ್ಟು ಬೇರೇನೂ ಇಲ್ಲ. ದೂರದಲ್ಲಿ ಎಲ್ಲೋ ಗುಂಡು, ಯಾರದೋ ಜಗಳ. ಸದ್ದಿಲ್ಲದ ಗಿರಣಿಯಲ್ಲಿ ಕೂರುವ ಸುಖ ಗಿರಣಿ ನಡೆಸಿದವನಿಗೇ ಗೊತ್ತು. ನಾನು ಹೊಡೆದವರು ಬಹಳ ಕಡಿಮೆ. ಹೊಡೆಸಿಕೊಂಡದ್ದು ಮಾತ್ರ ಲೆಕ್ಕವಿಲ್ಲದಷ್ಟು.

ಆಮೇಲೆ ಆಟ ಕೆಡತೊಡಗಿತು. ಕೆಟ್ಟಿತು ಎನ್ನಬೇಕೋ, ಬೆಳೆಯಿತು ಎನ್ನಬೇಕೋ. ಮೊದಲು ಎಲ್ಲರೂ ಮಣ್ಣಿನ ಬಣ್ಣದ ಅಂಗಿ ಹಾಕಿಕೊಂಡು ತೆವಳುತ್ತಿದ್ದರು. ಬರಬರುತ್ತಾ ಬೆನ್ನಿಗೆ ರೆಕ್ಕೆ ಕಟ್ಟಿಕೊಂಡವರು ಬಂದರು, ಗುಲಾಬಿ ಬಣ್ಣದ ಬಂದೂಕು ಬಂತು, ಒಬ್ಬನನ್ನು ಹೊಡೆದು ಅವನ ಮುಂದೆ ಸೊಂಟ ಕುಣಿಸುವ ಪದ್ಧತಿ ಬಂತು. ಆಟ ತೆರೆದರೆ ಸಾಕು, ಬಣ್ಣದ ಚಕ್ರ ತಿರುಗಿಸು, ಪೆಟ್ಟಿಗೆ ಒಡೆ, ಇದನ್ನು ಕೊಳ್ಳು ಎಂದು ಸಂತೆಯಲ್ಲಿ ಕೈ ಹಿಡಿದು ಜಗ್ಗುವ ಬಳೆಗಾರರಂತೆ ಕಾಟ.

ನಮ್ಮೂರ ಬಸ್ ನಿಲ್ದಾಣದ ಹತ್ತಿರ ಗಿರ್ಮಿಟ್ ಮಾಡುವ ಒಂದು ಅಂಗಡಿಯಿತ್ತು. ಅಪ್ಪ ತೀರಿದ ಮೇಲೆ ಮಗ ಅದಕ್ಕೆ ಸೇವು, ಚೀಜು, ಏನೇನೋ ಕೆಂಪು ಸಾಸು ಹಾಕತೊಡಗಿದ. ನನ್ನ ಗೆಳೆಯ ಗುರುಸಿದ್ದ, ಬಸ್ ಡ್ರೈವರ್ ಆಗಿ ರಿಟೈರ್ ಆದವನು, ದಿನಾ ಸಂಜೆ ಅಲ್ಲಿ ಹೋಗಿ, “ನಿಮ್ಮಪ್ಪನ ಕೈರುಚಿ ಮಣ್ಣಾಗ ಹಾಕಿದಿ ನೋಡಲೇ” ಎಂದು ಬೈಯುತ್ತಾ ಎರಡು ಪ್ಲೇಟು ತಿಂದು ಬರುತ್ತಿದ್ದ. ನಾನು ಅವನನ್ನು ನೋಡಿ ನಗುತ್ತಿದ್ದೆ. ನನ್ನದೂ ಅದೇ ಗತಿ ಎಂದು ಅವನಿಗೆ ಗೊತ್ತಿರಲಿಲ್ಲ. ಬೈಯುತ್ತಾ ತಿನ್ನುವುದಕ್ಕೂ ಒಂದು ರುಚಿಯಿದೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಮುದುಕನೊಬ್ಬ ಮೊಬೈಲು ಆಡಿದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಎಲ್ಲಿ ಕುಳಿತು ಆಡಿದೆ ಎನ್ನುವುದನ್ನು ಈಗ ಹೇಳಬೇಕು. ಹೇಳಲು ನಾಲಗೆ ಬರುತ್ತಿಲ್ಲ, ಅದಕ್ಕೇ ಇಷ್ಟು ಹೊತ್ತು ಗಿರ್ಮಿಟ್ ತಿನ್ನುತ್ತಾ ನಿಂತೆ.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆತನ. ಬೆಳಿಗ್ಗೆ ಜಳಕ ಮಾಡಿ, ದೇವರ ಕೋಣೆಯಲ್ಲಿ ಕುಳಿತು, ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟುಕೊಂಡು ಪೂಜಿಸಬೇಕು. ಅದನ್ನೇ ದಿಟ್ಟಿಸಿ ನೋಡುತ್ತಾ ಮಂತ್ರ ಹೇಳಬೇಕು. ಅಂಗೈಯಲ್ಲಿ ಲಿಂಗ ಇರುವಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲ, ಪೂಜೆಗೆ ಕುಳಿತವನೂ ಮಾತಾಡುವುದಿಲ್ಲ. ಬಾಗಿಲು ಮುಂದಕ್ಕೆಳೆದಿದ್ದರೆ ಊರ ಗೌಡ ಬಂದರೂ ಕಟ್ಟೆಯ ಮೇಲೆ ಕಾಯುತ್ತಾನೆ. ಹಿರಿಯರ ಪೂಜೆ ಮುಗಿಯುವತನಕ ಮನೆಯ ಹೆಂಗಸರು ಬಾಯಿಗೆ ಏನೂ ಹಾಕುವುದಿಲ್ಲ. ಇಂಥ ಕೋಣೆಯಷ್ಟು ನಿರಾತಂಕವಾದ ಜಾಗ ಸಂಶಿಯಲ್ಲಿ ಇನ್ನೊಂದು ಇರಲಿಲ್ಲ.

ಮೊದಮೊದಲು ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಕಟ್ಟಿ, ಆಮೇಲೆ ಒಂದು ಆಟ ಆಡುತ್ತಿದ್ದೆ. ಮನಸ್ಸಿಗೆ ಅಷ್ಟೇನೂ ಕೆಟ್ಟದೆನಿಸಲಿಲ್ಲ. ಆಮೇಲೆ ಮೊದಲು ಒಂದು ಆಟ, ನಂತರ ಪೂಜೆ. ಆಮೇಲೆ ಎರಡು ಆಟ, ಚುಟುಕು ಪೂಜೆ. ಕಡೆಕಡೆಗೆ ಹಣೆಗೆ ವಿಭೂತಿ ಎಳೆದುಕೊಂಡು, ಕಿವಿಗೆ ವೈರು ಸಿಕ್ಕಿಸಿ, ಲಿಂಗವನ್ನು ಕೊರಳಿನಲ್ಲಿಯೇ ಬಿಟ್ಟು, ಲಿಂಗ ಇರಬೇಕಾದ ಅಂಗೈಯಲ್ಲಿ ಮೊಬೈಲು ಹಿಡಿದು ಕೂರತೊಡಗಿದೆ. ಮುಗಿದ ಮೇಲೆ ಮೊಬೈಲನ್ನು ದೇವರ ಜಗಲಿಯ ಮೇಲಿನ ಫೋಟೋದ ಹಿಂದೆ ಇಟ್ಟು ಹೊರಗೆ ಬರುತ್ತಿದ್ದೆ.

ಹೊರಗೆ ಏನಾಯಿತು ಕೇಳಿ. ನನ್ನ ಪೂಜೆ ತಾಸುಗಟ್ಟಲೆ ಬೆಳೆಯಿತೆಂದು ಊರಲ್ಲಿ ಸುದ್ದಿಯಾಯಿತು. ಆಟದಲ್ಲಿ ಗುಂಡು ತಗುಲಿದಾಗಲೆಲ್ಲ ನನ್ನ ಬಾಯಿಂದ “ಶಿವಾ!” ಎಂಬ ಉದ್ಗಾರ ಬರುತ್ತಿತ್ತು. ಹೊರಗೆ ಪಡಸಾಲೆಯಲ್ಲಿ ಕುಳಿತವರು ಅಲ್ಲಿಂದಲೇ ಕೈಮುಗಿದು “ಶಿವ ಶಿವಾ” ಅನ್ನುತ್ತಿದ್ದರಂತೆ. ಬಾಗಿಲ ಸಂದಿಯಿಂದ ನನ್ನ ಭುಜ ಅಲುಗುವುದನ್ನು ಕಂಡ ನನ್ನ ಹೆಂಡತಿ ಈರವ್ವ ನೆರೆಮನೆಯಲ್ಲಿ ಹೇಳಿದಳು: “ಲಿಂಗ ಹಿಡದ್ರ ನಮ್ಮನಿಯವರ ಮೈ ಗಡಗಡ ನಡಗತೈತ್ರಿ.” ಪಾಪ, ಆಕೆ ಅಷ್ಟು ಹೊತ್ತೂ ಒಂದು ಗುಟುಕು ಚಹಾ ಕುಡಿಯದೆ ಕುಳಿತಿರುತ್ತಿದ್ದಳು. ಗುರುಸಿದ್ದ ಮಾತ್ರ ಕಟ್ಟೆಯ ಮೇಲಿಂದ ಚುಚ್ಚುತ್ತಿದ್ದ: “ಏನಲೇ ಮಲ್ಯಾ, ದೊಡ್ಡ ಶರಣ ಆಗಾಕ ಹತ್ತೀದಿ. ಗಿರಣ್ಯಾಗ ಕುಂತಾಗ ಇಷ್ಟ ಭಕ್ತಿ ಇದ್ದಿದ್ರ ಮಂದಿ ಹಿಟ್ಟ ಸಣ್ಣಗರ ಬೀಳತಿತ್ತು.” ನಾನು ಶರಣರ ಹಾಗೆ ಮುಗುಳ್ನಗುತ್ತಿದ್ದೆ. ಈ ಮುಗುಳ್ನಗೆಯನ್ನು ನೆನೆದರೆ ಈಗಲೂ ಕೆನ್ನೆ ಉರಿಯುತ್ತದೆ.

ಹೀಗಿರುವಾಗ ನಮ್ಮ ಅಕ್ಕ ನೀಲವ್ವ ಬಂದಳು. ಮಜ್ಜಿಗೆಯ ಮಗಿಯ ಅದೇ ಅಕ್ಕ. ಶಲವಡಿಗೆ ಕೊಟ್ಟಿತ್ತು. ಗಂಡ ತೀರಿದ ಮೇಲೆ ಮಕ್ಕಳ ಮನೆಯಲ್ಲಿ ಚೆನ್ನಾಗಿಯೇ ಇದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಮಸುಕಾಗಿತ್ತು. ನಮ್ಮೂರ ಸಾಲಿಯಲ್ಲಿ ಕಣ್ಣಿನ ತಪಾಸಣೆ ಇದೆ ಎಂದು ನಾನೇ ಕರೆಸಿದ್ದೆ. ಡಾಕ್ಟರು ನೋಡಿ, ಪೊರೆ ಬಲಿಯುತ್ತಿದೆ, ತಡ ಮಾಡದೆ ತೆಗೆಸಬೇಕು, ಹುಬ್ಬಳ್ಳಿಗೆ ಕರೆದೊಯ್ಯಲು ನಮ್ಮದೇ ಗಾಡಿ ಬರುತ್ತದೆ ಎಂದರು. ಅಕ್ಕನಿಗೆ ಕತ್ತಿ, ಸೂಜಿ ಎಂದರೆ ಹೆದರಿಕೆ. “ಕಣ್ಣಾಗ ಕಸ ಬಿದ್ರ ತಡ್ಯಾಕ ಆಗೂದಿಲ್ಲ, ಕತ್ತಿ ಹೆಂಗ ತಡೀಲಿ?” ಎನ್ನುತ್ತಿದ್ದಳು.

ನನಗೆ ಲಿಂಗಪೂಜೆ ಕಲಿಸಿದವಳು ಅಪ್ಪನಲ್ಲ, ಈ ಅಕ್ಕ. ಸಣ್ಣವನಿದ್ದಾಗ ಲಿಂಗ ಅಂಗೈಯಲ್ಲಿಟ್ಟರೆ ಬಿದ್ದೀತೆಂದು ಹೆದರಿ ನನ್ನ ಕೈ ನಡುಗುತ್ತಿತ್ತು. ಆಕೆ ನನ್ನ ಅಂಗೈಯ ಕೆಳಗೆ ತನ್ನ ಅಂಗೈ ಹಿಡಿಯುತ್ತಿದ್ದಳು. “ನಡಗಬ್ಯಾಡ. ನಿನ್ನ ಕೈಯಿಂದ ಬಿದ್ರ ನನ್ನ ಕೈಯಾಗ ಬೀಳತೈತಿ. ಹೆದರಿಕಿ ಯಾಕ?” ಇದಕ್ಕಿಂತ ದೊಡ್ಡ ಭರವಸೆಯನ್ನು ಆಮೇಲೆ ಯಾರೂ ನನಗೆ ಕೊಟ್ಟಿಲ್ಲ.

ಅಕ್ಕ ಬಂದ ಮರುದಿನ ಬೆಳಿಗ್ಗೆ ನಾನು ದೇವರ ಕೋಣೆಯಿಂದ ಹೊರಗೆ ಬಂದಾಗ ಆಕೆ ಬಾಗಿಲಲ್ಲೇ ಕುಳಿತಿದ್ದಳು. ಪೂಜೆ ಮುಗಿಸಿ ಬಂದವರ ಅಂಗೈಯನ್ನು ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮ ಅವ್ವ ಕಲಿಸಿದ ರೂಢಿ. ಅಕ್ಕ ತಡವುತ್ತಾ ನನ್ನ ಎಡಗೈ ಹಿಡಿದಳು. ಹಿಡಿದವಳು ಬೆಚ್ಚಿಬಿದ್ದಳು.

“ಯವ್ವಾ! ತಮ್ಮಾ, ಅಂಗೈ ಏನೋ ಇದು? ಕೆಂಡಧಂಗ ಐತಿ!”

ತಾಸುಗಟ್ಟಲೆ ಆಡಿದ ಮೊಬೈಲು ಕಾದ ಹೆಂಚಾಗಿರುತ್ತದೆ. ಅಂಗೈ ಕಾಯದೆ ಇರುತ್ತದೆಯೇ? ಆದರೆ ಆಕೆಗೆ ಅದು ಹೇಗೆ ಹೊಳೆಯಬೇಕು? ಅಷ್ಟು ಹೊತ್ತು ಅಲ್ಲಿ ಲಿಂಗ ಇತ್ತೆಂದು ಆಕೆ ನಂಬಿದ್ದಳು. ಆ ಬಿಸಿಯನ್ನು ಒಂದು ಕಣ್ಣಿಗೆ ಒತ್ತಿಕೊಂಡಳು, ಇನ್ನೊಂದಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ಹಾಗೆಯೇ ಇದ್ದಳು. “ಎಷ್ಟ ಹಿತಾ ಆತೋ” ಅಂದಳು. ರೆಪ್ಪೆಯ ಕೆಳಗೆ ಆಕೆಯ ಕಣ್ಣುಗುಡ್ಡೆ ಅಲುಗುವುದು ನನ್ನ ಅಂಗೈಗೆ ತಿಳಿಯುತ್ತಿತ್ತು.

ಗಿರಣಿಯವನಿಗೆ ಬಿಸಿಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಿಟ್ಟು ಬಿಸಿಯಾಗಿ ಬಿದ್ದರೆ ಕಲ್ಲುಗಳು ಬಿಗಿಯಾಗಿವೆ ಎಂದರ್ಥ. ಆ ಹಿಟ್ಟಿನ ರೊಟ್ಟಿಗೆ ಕಮಟು ವಾಸನೆ. ಬದುಕೆಲ್ಲ ಹಿಟ್ಟನ್ನು ಮುಟ್ಟಿ ನೋಡಿ ಬಿಸಿಯ ಮೂಲ ಹುಡುಕಿದವನು ನಾನು. ಅಂದು ಬಾಯಿ ಮುಚ್ಚಿಕೊಂಡು ನಿಂತೆ. ಒಂದು ಮಾತು ಹೇಳಿಬಿಡಬಹುದಿತ್ತು. ಅಕ್ಕನ ಮುಖದಲ್ಲಿ ಆ ಸಮಾಧಾನ ಕಂಡು ಹೇಳಲಾಗಲಿಲ್ಲ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜವೆಂದರೆ, ಆ ಮುಖದಲ್ಲಿ ಕಂಡ ನಾನು ನನಗೆ ಬಹಳ ಹಿಡಿಸಿದ್ದೆ.

ಅದು ದಿನದ ರೂಢಿಯಾಯಿತು. ಎಂಟು ದಿನಕ್ಕೆಂದು ಬಂದ ಅಕ್ಕ ಉಳಿದುಬಿಟ್ಟಳು. “ಈಗ ನಿಚ್ಚಳ ಕಾಣಾಕ ಹತ್ತೇತಿ. ತಮ್ಮನ ಕೈ ಇರಾಗ ಕತ್ತಿ ಯಾಕ ಬೇಕು?” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆದರೆ ಆಕೆ ಮೊರದಲ್ಲಿ ಹಾಕಿ ಹಸನು ಮಾಡಿದ ಕಡಲೆಬೇಳೆಯಲ್ಲಿ ಕಲ್ಲು ಉಳಿಯತೊಡಗಿದವು. ಕಾಳು ಹಸನು ಮಾಡುವುದರಲ್ಲಿ ನಮ್ಮ ಓಣಿಗೆಲ್ಲ ಹೆಸರಾದ ಹೆಂಗಸು ಆಕೆ. ಈರವ್ವ ಊಟದ ನಡುವೆ ಹಲ್ಲಿಗೆ ಸಿಕ್ಕ ಕಲ್ಲನ್ನು ಸದ್ದಾಗದಂತೆ ಸೆರಗಿಗೆ ಉಗುಳಿಕೊಂಡು ನನ್ನ ಮುಖ ನೋಡಿದಳು. ನಾನು ಸಾರು ಹಾಕು ಅಂದೆ.

ಗಾಡಿ ಬರುವ ದಿನ ಗೊತ್ತಾಯಿತು, ಗುರುವಾರ ಬೆಳಿಗ್ಗೆ. ಅದೇ ವಾರ ಆಟದಲ್ಲೂ ಒಂದು ಪ್ರಕಟಣೆ ಬಂತು, ಇಂಗ್ಲಿಷಿನಲ್ಲಿ. ಹೈಸ್ಕೂಲಿನ ಇಂಗ್ಲಿಷು ಅಷ್ಟಕ್ಕೆ ಸಾಕಾಯಿತು. ಹಳೆಯ ನಡುಗಡ್ಡೆಯನ್ನು ತೆಗೆದುಹಾಕಿ ಹೊಸದನ್ನು ತರುತ್ತಾರಂತೆ. ಹಳೆಯದಕ್ಕೆ ಗುರುವಾರ ಬೆಳಿಗ್ಗೆ ಹತ್ತರವರೆಗೆ ಆಯುಷ್ಯ.

ಬುಧವಾರ ಈರವ್ವನೂ ನಾನೂ ಸೇರಿ ಅಕ್ಕನಿಗೆ ಹೇಳಿದೆವು, ಒಮ್ಮೆ ಹೋಗಿ ತೋರಿಸಿಕೊಂಡಾದರೂ ಬಾ ಎಂದು. ಅಕ್ಕ ಅರ್ಧ ಒಪ್ಪಿದಳು. “ಆತು, ಮುಂಜಾನೆ ನಿನ್ನ ಕೈ ಒತ್ಕೊಂಡ ಹೋಗತೇನಿ” ಅಂದಳು. ನಾನು ಮನಸ್ಸಿನಲ್ಲೇ ನಿಶ್ಚಯ ಮಾಡಿದೆ: ನಾಳೆ ಬೇಗ ಮುಗಿಸಿ, ಕೈ ತಣ್ಣೀರಲ್ಲಿ ತೊಳೆದು, ಎಲ್ಲ ಹೇಳಿ ಗಾಡಿ ಹತ್ತಿಸುತ್ತೇನೆ.

ಗುರುವಾರ ಬಾಗಿಲು ಮುಂದಕ್ಕೆಳೆದು ಕುಳಿತೆ. ವಿಮಾನದಿಂದ ಇಳಿದು ನನ್ನ ದಿಬ್ಬಕ್ಕೆ ಹೋದರೆ, ಅಲ್ಲಿ ಆಗಲೇ ಜನ. ನನ್ನಂತೆ ಹಳಬರು. ಯಾರೂ ಹೊಡೆಯುತ್ತಿರಲಿಲ್ಲ. ಬಂದೂಕುಗಳನ್ನು ನೆಲಕ್ಕೆ ಹಾಕಿ ಗಿರಣಿಯ ಸುತ್ತ ಸುಮ್ಮನೆ ಕುಳಿತಿದ್ದರು. ಸತ್ತವರ ಮನೆಯ ಮುಂದೆ ಕುಳಿತ ಹಾಗೆ. ರೆಕ್ಕೆ ಕಟ್ಟಿಕೊಂಡವನೂ ಒಬ್ಬ ಇದ್ದ, ಅವನೂ ಕುಣಿಯಲಿಲ್ಲ. ಯಾವ ಊರವರೋ, ಎಷ್ಟು ವಯಸ್ಸಿನವರೋ. ಇಷ್ಟು ವರ್ಷ ಒಬ್ಬರನ್ನೊಬ್ಬರು ಕೊಂದ ಆ ಜನರ ಮೇಲೆ ನನಗೆ ಅಂದು ಬಂದ ಪ್ರೀತಿ ನೆಂಟರ ಮೇಲೂ ಬಂದಿರಲಿಲ್ಲ. ಒಂದು ಆಟ ಮುಗಿಯಿತು. ಇನ್ನೊಂದು, ಕಡೆಯದು, ಎಂದು ಮತ್ತೆ ಇಳಿದೆ.

ಕಿವಿಯ ವೈರು ಒಂದು ಬದಿ ಜಾರಿತ್ತು. ಹೊರಗೆ ಗಾಡಿಯ ಹಾರನ್ ಕೇಳಿಸಿತು. ಗುರುಸಿದ್ದನ ದನಿ: “ನೀಲಕ್ಕಾರ, ಏಳ್ರಿ, ಗಾಡಿ ಬಂದ ನಿಂತೈತಿ. ಹೋಗೂಣು ನಡೀರಿ.”

“ತಡಿಯಪ್ಪಾ. ತಮ್ಮನ ಪೂಜಿ ಮುಗೀಲಿ. ಕೈ ಒತ್ಕೊಂಡ ಬರತೇನಿ.”

“ಅವರು ತಡ್ಯಾಂಗಿಲ್ರಿ. ಇನ್ನ ನಾಕ ಊರು ತಿರಗಬೇಕಂತ. ಮಲ್ಯಾಗ ಒಂದ ಸಲ ಕರೀಲ್ಯಾ?”

“ಹುಚ್ಚಪ್ಪಾ, ಅಂಗೈಯಾಗ ಲಿಂಗ ಇದ್ದಾಂವನ್ನ ಕರೀತಾರ ಏನು? ಸುಮ್ಮ ಕುಂದರು.”

ಇದೆಲ್ಲ ನನಗೆ ಕೇಳಿಸಿತು. ಕೇಳಿಸಲಿಲ್ಲವೆಂದು ಬರೆಯಲು ಕೈ ಹೋಗಿತ್ತು, ತಡೆದೆ. “ಅಕ್ಕಾ, ನೀ ಹೋಗು” ಎಂದು ಒಳಗಿನಿಂದ ಕೂಗಿದ್ದರೆ ಸಾಕಿತ್ತು. ಆದರೆ ಪೂಜೆಯಲ್ಲಿರುವವನು ಮಾತಾಡುವುದಿಲ್ಲವಲ್ಲ. ಮಾತಾಡಿದರೆ ಲಿಂಗ ಅಂಗೈಯಲ್ಲಿಲ್ಲವೆಂದು ಗೊತ್ತಾಗುತ್ತದೆ. ತೆರೆಯ ಮೇಲೆ ಗಿರಣಿಯ ರೆಕ್ಕೆ ನಿಧಾನಕ್ಕೆ ತಿರುಗುತ್ತಿತ್ತು. ನಾನು ನೋಡುತ್ತಾ ಕುಳಿತೆ. ಹೊರಗೆ ಗಾಡಿಯ ಬಾಗಿಲು ಧಡಾರನೆ ಬಿದ್ದ ಸದ್ದು. ಎಂಜಿನ್ನಿನ ಸದ್ದು ಬಸ್ ನಿಲ್ದಾಣದ ಕಡೆ ಕರಗಿತು. ಸ್ವಲ್ಪ ಹೊತ್ತಿಗೆ ನಡುಗಡ್ಡೆಯೂ ಹೋಯಿತು. ತೆರೆ ಬೆಳ್ಳಗಾಯಿತು, ಅಷ್ಟೇ.

ಹೊರಗೆ ಬಂದೆ. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಬಾಗಿಲಲ್ಲೇ ಕುಳಿತಿದ್ದಳು. ಹೋಗಬೇಕೆಂದು ನಿಜವಾಗಿಯೂ ತಯಾರಾಗಿದ್ದಳು ಎಂದು ಆ ಚೀಲ ನೋಡಿ ತಿಳಿಯಿತು.

“ಮುಗೀತೇನೋ? ಗಾಡಿ ಹೋತು. ಹೋಗ್ಲಿ ಬಿಡು, ನನಗ ಇದು ಐತಲ್ಲ” ಎಂದು ನನ್ನ ಎಡಗೈ ತಡವಿ ಹಿಡಿದಳು. ಅಂದಿನಷ್ಟು ಅದು ಎಂದೂ ಕಾದಿರಲಿಲ್ಲ. ಕಣ್ಣಿಗೆ ಒತ್ತಿಕೊಂಡಳು. “ಇವತ್ತ ಭಾಳ ಕೃಪಾ ಆಗೇತಿ ನೋಡು” ಅಂದಳು.

ಆಕೆಯ ಮುಂದೆ ನೆಲಕ್ಕೆ ಕುಳಿತೆ.

“ಅಕ್ಕಾ, ಅದು ಲಿಂಗದ ಬಿಸಿ ಅಲ್ಲ. ಮೊಬೈಲಿಂದು.”

“ಏನು?”

“ಒಳಗ ಕುಂತ ಆಟ ಆಡತಿದ್ದೆ. ಇಷ್ಟ ದಿನಾನೂ. ನಾ ಪೂಜಿ ಮಾಡೇ ಇಲ್ಲ.”

ಅಕ್ಕ ನನ್ನ ಕೈಯನ್ನು ತಟ್ಟನೆ ಬಿಡಲಿಲ್ಲ. ಕಣ್ಣಿನಿಂದ ಮೆಲ್ಲಗೆ ಇಳಿಸಿ, ಬೇರೆಯವರ ಸಾಮಾನು ಇಟ್ಟ ಹಾಗೆ ನನ್ನ ತೊಡೆಯ ಮೇಲೆ ಇಟ್ಟಳು.

“ಲಿಂಗ ಎಲ್ಲಿತ್ತು?”

“ಕೊರಳಾಗ.”

“ನಾ ಹೊರಗ ಕುಂತದ್ದು ಗೊತ್ತಿತ್ತೇನು?”

“ಗೊತ್ತಿತ್ತು.”

“ಗಾಡಿ ಬಂದದ್ದು?”

ನಾನು ತಲೆ ಬಗ್ಗಿಸಿದೆ. ಆಕೆಗೆ ಕಾಣುವುದಿಲ್ಲ ಎಂದು ನೆನಪಾಗಿ, “ಗೊತ್ತಿತ್ತು” ಅಂದೆ. ಅಕ್ಕ ಸೆರಗಿನಿಂದ ಎರಡೂ ಕಣ್ಣುಗಳನ್ನು ಒರೆಸಿಕೊಂಡಳು. ಅಳು ಒರೆಸಿಕೊಳ್ಳುವ ಹಾಗಲ್ಲ, ಏನೋ ಹತ್ತಿಕೊಂಡದ್ದನ್ನು ಒರೆಸುವ ಹಾಗೆ. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ದೊಡ್ಡ ದನಿಯಲ್ಲಿ, “ಈರವ್ವಾ, ಹೊಟ್ಟಿ ಹಸದೈತಿ. ನನಗೂ ಹಾಕು, ನೀನೂ ಹಾಕ್ಕೋ. ಇನ್ನ ಮ್ಯಾಲೆ ಈ ಮನ್ಯಾಗ ಯಾರೂ ಯಾರಿಗೂ ಕಾಯೂದು ಬ್ಯಾಡ” ಅಂದಳು.

ಈರವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ನನ್ನನ್ನು ನೋಡಿ ಅಂದದ್ದು ಒಂದೇ ಮಾತು: “ಇವತ್ತಿನಿಂದ ನಿಮಗ ಆರಿದ ರೊಟ್ಟೀನ.” ಆ ಮಾತನ್ನು ಆಕೆ ಈವರೆಗೂ ನಡೆಸಿಕೊಂಡು ಬಂದಿದ್ದಾಳೆ.

ಮುಂದಿನ ಗಾಡಿ ಬರುವುದು ತಡವಾಯಿತು. ನಡುವೆ ಅಕ್ಕನ ಎಡಗಣ್ಣು ಕೆಂಪಾಗಿ ನೋವು ಎದ್ದಿತು. ಬಾಡಿಗೆಯ ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೋದೆವು. ದಾರಿಯುದ್ದಕ್ಕೂ ಆಕೆ ಗುರುಸಿದ್ದನ ಜೊತೆ ಮಾತಾಡಿದಳು, ಈರವ್ವನ ಜೊತೆ ಮಾತಾಡಿದಳು. ಆಪರೇಷನ್ನಿಗೆ ಒಳಗೆ ಹೋಗುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ. ಬಲಗಣ್ಣು ನಿಚ್ಚಳವಾಯಿತು. ಎಡಗಣ್ಣಿನ ದೃಷ್ಟಿ ಅರ್ಧ ಮಾತ್ರ ಬಂತು. “ಸ್ವಲ್ಪ ಮೊದಲ ಬಂದಿದ್ರ ಚಲೋ ಆಗತಿತ್ತಜ್ಜಿ” ಅಂದರು ಡಾಕ್ಟರು. ಅವರು ಅದನ್ನು ಎಲ್ಲ ಮುದುಕರಿಗೂ ಹೇಳುತ್ತಾರಂತೆ. ಗುರುಸಿದ್ದ ನನ್ನ ಬೆನ್ನು ತಟ್ಟಿ ಹಾಗೆಂದ. ಅಂದು ಅವನು ನನ್ನನ್ನು ಚುಚ್ಚಲಿಲ್ಲ. ಚುಚ್ಚಿದ್ದರೆ ಹಗುರಾಗುತ್ತಿತ್ತು.

ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚಿ, ಕರಿ ಕನ್ನಡಕವೂ ಹೋದ ಮೇಲೆ, ಒಂದು ಮಧ್ಯಾಹ್ನ ಅಕ್ಕ ತಾನಾಗಿಯೇ ನನ್ನ ಹತ್ತಿರ ಬಂದು ಕುಳಿತಳು.

“ತೋರಸು.”

“ಏನಕ್ಕಾ?”

“ಏನ ಆಡತಿದ್ದಿ, ಅದು.”

ತೋರಿಸಲು ನಾಚಿಕೆಯಾಯಿತು. ಆದರೆ ಸುಳ್ಳು ಹೇಳಬಾರದು, ಒಳಗೆಲ್ಲೋ ಒಂದು ಆಸೆಯೂ ಚಿಗುರಿತು. ಆ ದಿಬ್ಬ, ಆ ಬಯಲು, ಗಾಳಿ, ಸದ್ದಿಲ್ಲದ ಗಿರಣಿ, ಇವನ್ನು ತೋರಿಸಿದರೆ ಆಕೆ ಒಪ್ಪದಿದ್ದರೂ ಸ್ವಲ್ಪ ತಿಳಿದುಕೊಂಡಾಳು. ಹಕ್ಕಿ ಕಾದ ಹೊಲದ ಹಾಗೇ ಇದೆಯಲ್ಲೋ ಅಂದಾಳು. ಮೊಬೈಲು ತೆಗೆದೆ. ಆ ಗುರುವಾರದ ನಂತರ ತೆರೆದಿರಲಿಲ್ಲ. ಹೊಸದನ್ನು ಇಳಿಸಿಕೊಳ್ಳಲು ಅದು ಬಹಳ ಹೊತ್ತು ತೆಗೆದುಕೊಂಡಿತು. ಇಬ್ಬರೂ ತೆರೆಯ ಮೇಲೆ ಬಗ್ಗಿ ಕಾದೆವು. ನಮ್ಮಿಬ್ಬರ ತಲೆ ಅಷ್ಟು ಹತ್ತಿರ ಬಂದು ತಿಂಗಳುಗಳಾಗಿದ್ದವು.

ತೆರೆ ಹೊಳೆಯಿತು. ಡೋಲಿನಂಥ ಸದ್ದು. ಹಳದಿ ಕೋಳಿಯ ವೇಷ ಹಾಕಿದ ಒಬ್ಬ ಮನುಷ್ಯ, ಕೈಯಲ್ಲಿ ಬಂದೂಕು ಹಿಡಿದು, ಹಿಂದೆ ಮುಂದೆ ಕುಂಡೆ ಅಲುಗಿಸುತ್ತಾ ಕುಣಿಯುತ್ತಿದ್ದ. ಸುತ್ತ ಬಣ್ಣದ ನಕ್ಷತ್ರಗಳು ಉದುರುತ್ತಿದ್ದವು. ಹೊಸ ನಡುಗಡ್ಡೆಯಲ್ಲಿ ದಿಬ್ಬವಿರಲಿಲ್ಲ, ಬಯಲಿರಲಿಲ್ಲ. ಗಾಜಿನ ಕಟ್ಟಡಗಳು, ನೀಲಿ ದೀಪಗಳು.

ಅಕ್ಕ ತನ್ನ ಒಂದೂವರೆ ಕಣ್ಣಿನಿಂದ ಆ ಕೋಳಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಇದಕ್ಕನ ತಮ್ಮಾ?”

ಇದಲ್ಲಕ್ಕಾ, ಮೊದಲು ಹೀಗಿರಲಿಲ್ಲ, ಅಲ್ಲೊಂದು ಗಿರಣಿ ಇತ್ತು ಎಂದು ಹೇಳಲು ಬಾಯಿ ತೆರೆದೆ. ತೋರಿಸಲು ಏನೂ ಉಳಿದಿರಲಿಲ್ಲ. ಬಾಯಿ ಮುಚ್ಚಿ, “ಹೂಂ” ಅಂದೆ.

ಆಟವನ್ನು ಮೊಬೈಲಿನಿಂದ ಅಳಿಸಿದ್ದೇನೆ ಎಂದು ಬರೆದರೆ ನಿಮಗೂ ಸಮಾಧಾನ, ನನಗೂ. ಅಳಿಸಿಲ್ಲ. ಆಡುವುದಿಲ್ಲ, ಅಷ್ಟೇ. ಹಳೆಯ ನಡುಗಡ್ಡೆ ಎಂದಾದರೂ ಮರಳಿ ಬರಬಹುದೆಂದು ಅಲ್ಲಿ ಯಾರೋ ಬರೆದಿದ್ದರು. ಅದನ್ನು ಓದಿ ಖುಷಿಯಾದದ್ದಕ್ಕೂ ನನಗೆ ನಾಚಿಕೆಯಿದೆ.

ಅಕ್ಕ ಇನ್ನೂ ನಮ್ಮಲ್ಲೇ ಇದ್ದಾಳೆ. ಬೆಳಿಗ್ಗೆ ದೇವರ ಕೋಣೆಯ ಬಾಗಿಲು ಈಗ ತೆರೆದೇ ಇರುತ್ತದೆ. ಆಕೆ ತನ್ನ ಪೂಜೆ ಮುಗಿಸಿ, ಚಹಾ ಕುಡಿದು, ಹೊಸ್ತಿಲ ಆಚೆ ಮೊರ ಹಿಡಿದು ಕಾಳು ಹಸನು ಮಾಡುತ್ತಾ ಕೂರುತ್ತಾಳೆ. ಬೇಳೆಯಲ್ಲಿ ಒಂದು ಕಲ್ಲೂ ಉಳಿಯುವುದಿಲ್ಲ. ನಾನು ಲಿಂಗವನ್ನು ಅಂಗೈಯಲ್ಲಿಟ್ಟು ದಿಟ್ಟಿಸುತ್ತೇನೆ. ನಡುವೆ ಎಲ್ಲೋ ಮನಸ್ಸು ಜಾರಿದಾಗ ಹೆಬ್ಬೆರಳು ಲಿಂಗದ ಬದಿಯಲ್ಲೇ ನಡೆಯತೊಡಗುತ್ತದೆ. ಕಾಳಿನಿಂದ ತಲೆಯೆತ್ತದೆ ಆಕೆ ಅನ್ನುತ್ತಾಳೆ, “ತಮ್ಮಾ, ಹೆಬ್ಬಟ್ಟ.” ನಾನು ನಿಲ್ಲಿಸುತ್ತೇನೆ.

ಪೂಜೆ ಮುಗಿದ ಮೇಲೆ ಎಡಗೈ ಚಾಚುತ್ತೇನೆ. ಆಕೆ ಬೆರಳುಗಳ ಹಿಂಬದಿಯಿಂದ, ಗಿರಣಿಯಿಂದ ಬಂದ ಹಿಟ್ಟನ್ನು ಮುಟ್ಟಿ ನೋಡುವ ಹಾಗೆ, ನನ್ನ ಅಂಗೈಯನ್ನು ಮುಟ್ಟಿ ನೋಡುತ್ತಾಳೆ.

“ತಣ್ಣಗ ಐತಿ” ಅನ್ನುತ್ತಾಳೆ.

ಕಣ್ಣಿಗೆ ಒತ್ತಿಕೊಳ್ಳುವುದಿಲ್ಲ. ಮೊರದ ಕಡೆ ತಿರುಗುತ್ತಾಳೆ.